ಕೊಡಗಿನಲ್ಲಿ ಓವರ್‌ಕ್ಲಾಕ್ ಮಾಡುವವರಿಗೆ: ಕರೆಂಟಿನಿಂದ ಬೆಂಚ್‌ಮಾರ್ಕ್‌ವರೆಗೆ, ಹಂತ ಹಂತವಾಗಿ

ಓವರ್‌ಕ್ಲಾಕ್ ಅಂದರೆ ಕಂಪ್ಯೂಟರಿನ ಚಿಪ್‌ಗಳನ್ನು ಕಂಪನಿ ಇಟ್ಟ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದು. ಹಾಗೆ ಮಾಡಲು ಹೋಗಿ ಸೋತವರ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. "ವಿಡಿಯೋದಲ್ಲಿ ತೋರಿಸಿದ ಸೆಟ್ಟಿಂಗೇ ಹಾಕಿದೆ, ನಂದು ಮಾತ್ರ ಹ್ಯಾಂಗ್ ಆಗ್ತಿದೆ." "ಜನವರಿಯಲ್ಲಿ ಸರಿಯಾಗಿತ್ತು, ಏಪ್ರಿಲ್‌ನಲ್ಲಿ ತೊಂದರೆ ಶುರುವಾಯ್ತು." "ಟೆಸ್ಟ್ ಹಾಕಿದ ಕೂಡಲೇ ಆಫ್."

ಮೂರಕ್ಕೂ ಕಾರಣ ಬೇರೆ ಬೇರೆ. ಒಂದೇ ಮಾಡೆಲ್‌ನ ಎರಡು ಚಿಪ್‌ಗಳ ತಾಕತ್ತು ಒಂದೇ ಇರುವುದಿಲ್ಲ. ಹಾಗಾಗಿ ಇನ್ನೊಬ್ಬರ ಸೆಟ್ಟಿಂಗ್ ನಿಮಗೆ ಹೊಂದಬೇಕು ಅಂತೇನಿಲ್ಲ. ಎರಡನೆಯದು ರೂಮಿನ ಬಿಸಿ. ಮೂರನೆಯದು ಬಹಳ ಸಲ ಓವರ್‌ಕ್ಲಾಕೇ ಅಲ್ಲ, ಯುಪಿಎಸ್. ಇವನ್ನು ಬಿಡಿಸಿ ನೋಡಬೇಕಾದರೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು, ಮಾಡಿದ್ದನ್ನು ಬರೆದಿಡಬೇಕು. ಕೆಳಗಿನ ಹಂತಗಳ ಕ್ರಮ ಇರುವುದೇ ಅದಕ್ಕಾಗಿ. ದಯವಿಟ್ಟು ನೇರವಾಗಿ ಆರನೇ ಹಂತಕ್ಕೆ ಹಾರಬೇಡಿ.

## ಹಂತ 1: ನಿಮ್ಮ ಸಿಸ್ಟಂನಲ್ಲಿ ಆಗುತ್ತದಾ ನೋಡಿಕೊಳ್ಳಿ

ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ 'ಕೆ' ಇರುವ ಪ್ರೊಸೆಸರ್ ಬೇಕು, ಜೊತೆಗೆ 'ಝಡ್' ಸರಣಿಯ ಮದರ್‌ಬೋರ್ಡ್ ಬೇಕು. ಬಿ660, ಬಿ760 ಬೋರ್ಡ್‌ಗಳಲ್ಲಿ ರ‍್ಯಾಮ್ ವೇಗ ಏರಿಸಬಹುದು, ಪ್ರೊಸೆಸರ್‌ನ ಮಲ್ಟಿಪ್ಲೈಯರ್ (ವೇಗ ನಿರ್ಧರಿಸುವ ಅಂಕಿ) ಏರಿಸಲು ಆಗದು. ಎಎಂಡಿ ರೈಝೆನ್‌ನಲ್ಲಿ ಬಿ ಮತ್ತು ಎಕ್ಸ್ ಸರಣಿಯ ಬೋರ್ಡ್ ಸಾಕು. ಎ320, ಎ520, ಎ620 ಬೋರ್ಡ್‌ಗಳಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ ಇಲ್ಲ, ಬಿ ಸರಣಿಯದ್ದಾದರೂ ಬಿ840ರಲ್ಲೂ ಇಲ್ಲ. ರೈಝೆನ್ 5800ಎಕ್ಸ್3ಡಿ ಲಾಕ್ ಆಗಿರುವ ಚಿಪ್, ಅದನ್ನು ಬಿಟ್ಟುಬಿಡಿ.

ಲ್ಯಾಪ್‌ಟಾಪ್ ಇದ್ದವರು ಓವರ್‌ಕ್ಲಾಕ್ ಯೋಚನೆ ಬಿಟ್ಟು ಅಂಡರ್‌ವೋಲ್ಟ್ (ಚಿಪ್‌ಗೆ ಕೊಡುವ ವೋಲ್ಟೇಜ್ ಇಳಿಸುವುದು) ಬಗ್ಗೆ ಓದಿಕೊಳ್ಳಿ. ಅಲ್ಲಿ ತೊಂದರೆ ವೇಗದ್ದಲ್ಲ, ಬಿಸಿಯದ್ದು.

ಓವರ್‌ಕ್ಲಾಕ್‌ನಿಂದ ಆದ ಹಾನಿಗೆ ವಾರಂಟಿ ಸಿಗುವುದಿಲ್ಲ. ಹೊಸ ಸಿಸ್ಟಂ ಆದರೆ ಮೊದಲ ಒಂದೆರಡು ತಿಂಗಳು ಸುಮ್ನೆ ಹಾಗೇ ಓಡಿಸಿ. ಕಂಪನಿಯಿಂದಲೇ ದೋಷ ಬಂದಿದ್ದರೆ ಅದು ಅಷ್ಟರಲ್ಲಿ ಗೊತ್ತಾಗುತ್ತದೆ.

## ಹಂತ 2: ಮೊದಲು ಕರೆಂಟು

ನಮ್ಮ ಕಡೆ ಅತಿ ಹೆಚ್ಚು ಓವರ್‌ಕ್ಲಾಕ್‌ಗಳು ಕೆಡುವುದು ಇಲ್ಲೇ. ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಅರ್ಥಿಂಗ್. ಬರಿಗೈಯಲ್ಲಿ ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಅನ್ನುತ್ತದಾ? ಹಾಗಾದರೆ ಅರ್ಥಿಂಗ್ ಸರಿಯಿಲ್ಲ. ಹಳೇ ತೋಟದ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಅದರ ಹಿಂದೆ ಅರ್ಥ್ ವೈರ್ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಅರ್ಥ್ ಗುಂಡಿ ಇದ್ದರೂ ಮಾರ್ಚ್ ಹೊತ್ತಿಗೆ ಮಣ್ಣು ಒಣಗಿ ಅದರ ಕೆಲಸ ಕುಗ್ಗುತ್ತದೆ, ಆಗಾಗ ನೀರು ಹಾಕಿ. ಅರ್ಥಿಂಗ್ ಇಲ್ಲದೆ ಸಾವಿರಾರು ರೂಪಾಯಿಯ ಸರ್ಜ್ ಪ್ರೊಟೆಕ್ಟರ್ ಹಾಕಿದರೂ ಅದು ಬರೀ ಎಕ್ಸ್‌ಟೆನ್ಷನ್ ಬೋರ್ಡ್.

ಯುಪಿಎಸ್. ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವ 600 ವಿಎ ಯುಪಿಎಸ್ ನಿಜವಾಗಿ ಕೊಡುವುದು ಸುಮಾರು 360 ವ್ಯಾಟ್. ಈಗ ಲೆಕ್ಕ ಹಾಕಿ. ಫುಲ್ ಲೋಡ್‌ನಲ್ಲಿ ಪ್ರೊಸೆಸರ್ 120 ವ್ಯಾಟ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ 170 ವ್ಯಾಟ್, ಮದರ್‌ಬೋರ್ಡ್, ಫ್ಯಾನು, ಡಿಸ್ಕು ಸೇರಿ 60. ಒಟ್ಟು 350. ಎಸ್‌ಎಂಪಿಎಸ್ (ಕ್ಯಾಬಿನೆಟ್ ಒಳಗಿನ ಪವರ್ ಸಪ್ಲೈ) ತಾನೂ ಸ್ವಲ್ಪ ಕಳೆದುಕೊಳ್ಳುವುದರಿಂದ ಗೋಡೆಯಿಂದ ಎಳೆಯುವುದು 400 ವ್ಯಾಟ್ ಹತ್ತಿರ. ಮಾನಿಟರ್ ಬೇರೆ. ಓವರ್‌ಕ್ಲಾಕ್ ಇನ್ನೂ ಶುರುವೇ ಆಗಿಲ್ಲ! ಕರೆಂಟು ಇರುವ ತನಕ ಹೇಗೋ ನಡೆಯುತ್ತದೆ, ವೋಲ್ಟೇಜ್ ಬಿದ್ದು ಯುಪಿಎಸ್ ಬ್ಯಾಟರಿಗೆ ಹೊರಳಿದ ಕ್ಷಣ 'ಪೀಪ್' ಎಂದು ಸಿಸ್ಟಂ ಸತ್ತುಹೋಗುತ್ತದೆ. ನೀವು ಬಯಾಸ್‌ಗೆ (ಮದರ್‌ಬೋರ್ಡ್‌ನ ಸೆಟ್ಟಿಂಗ್ ಪುಟಕ್ಕೆ) ಹೋಗಿ ವೋಲ್ಟೇಜ್ ತಿದ್ದುತ್ತಾ ಕೂರುತ್ತೀರಿ. ಕನಿಷ್ಠ 1000 ವಿಎ ಇರುವುದನ್ನು ತೆಗೆದುಕೊಳ್ಳಿ. ಹೊಸ ಎಸ್‌ಎಂಪಿಎಸ್‌ಗಳಿಗೆ ಸಾಮಾನ್ಯ ಯುಪಿಎಸ್ ಬ್ಯಾಟರಿಯಿಂದ ಕೊಡುವ ಸ್ಕ್ವೇರ್ ವೇವ್ ಕರೆಂಟು ಒಗ್ಗದೇ ಇರಬಹುದು, ಗೋಡೆಯ ಕರೆಂಟಿನ ಥರವೇ ಕೊಡುವ ಸೈನ್ ವೇವ್ ಯುಪಿಎಸ್ ಆದರೆ ಒಳ್ಳೆಯದು.

ಲೋ ವೋಲ್ಟೇಜ್. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವಾಗ ಅಕ್ಕಪಕ್ಕದ ತೋಟಗಳ ಮೋಟರ್‌ಗಳು ಒಟ್ಟಿಗೆ ಓಡುತ್ತವೆ. ಲೈನಿನ ತುದಿಯಲ್ಲಿರುವ ಮನೆಗಳಿಗೆ ವೋಲ್ಟೇಜ್ ಬೀಳುತ್ತದೆ. ಸಾಕೆಟ್‌ಗೆ ಚುಚ್ಚುವ ಚಿಕ್ಕ ಡಿಜಿಟಲ್ ವೋಲ್ಟ್‌ಮೀಟರ್ ಸಿಗುತ್ತದೆ, ಒಂದು ತಂದು ಮಾನಿಟರ್ ಪಕ್ಕ ಹಾಕಿಕೊಳ್ಳಿ. ವಿರಾಜಪೇಟೆ ಕಡೆಯ ಹುಡುಗನೊಬ್ಬನ ಸಿಸ್ಟಂ ಸಂಜೆ ಮಾತ್ರ ರೀಸ್ಟಾರ್ಟ್ ಆಗುತ್ತಿತ್ತು, ಬೆಳಿಗ್ಗೆ ಎಷ್ಟು ಟೆಸ್ಟ್ ಹಾಕಿದರೂ ಪಾಸ್. ಮೀಟರ್ ಹಾಕಿ ನೋಡಿದಾಗ ಸಂಜೆ ಮೋಟರ್ ಶುರುವಾದ ಕೂಡಲೇ ಅಂಕಿ ಸರಸರ ಇಳಿಯುತ್ತಿತ್ತು. ಅವನ ಓವರ್‌ಕ್ಲಾಕ್‌ನಲ್ಲಿ ಏನೂ ತಪ್ಪಿರಲಿಲ್ಲ. ಯುಪಿಎಸ್‌ನ ಬ್ಯಾಟರಿ ಹಳೆಯದಾಗಿತ್ತು.

ಸಿಡಿಲು. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಶುರುವಾದರೆ ಟೆಸ್ಟ್ ನಿಲ್ಲಿಸಿ, ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಇಂಟರ್ನೆಟ್‌ನ ಲ್ಯಾನ್ ಕೇಬಲ್ಲನ್ನೂ ತೆಗೆಯಿರಿ. ಪ್ಲಗ್ ಕಿತ್ತು ಲ್ಯಾನ್ ಬಿಟ್ಟವರ ಮದರ್‌ಬೋರ್ಡ್ ಆ ದಾರಿಯಿಂದಲೇ ಸುಟ್ಟುಹೋಗಬಹುದು.

## ಹಂತ 3: ಬಿಚ್ಚಿ ನೋಡಿ, ಒರೆಸಿ, ಒಣಗಿಸಿ

ಕಾಫಿ ಕೊಯ್ಲಿನ ಸಮಯದಲ್ಲಿ ಕಣದ ಧೂಳು ಕಿಟಕಿಯಿಂದ ಬಂದು ಹೀಟ್‌ಸಿಂಕ್‌ನ ರೆಕ್ಕೆಗಳ ಮಧ್ಯೆ ಕೂರುತ್ತದೆ. ಜೂನ್‌ನಲ್ಲಿ ಮಳೆ ಹಿಡಿದಾಗ ಅದೇ ಧೂಳು ತೇವ ಹೀರಿ ಚಾಪೆಯ ಹಾಗೆ ಗಟ್ಟಿಯಾಗುತ್ತದೆ. ಬರೀ ಊದಿದರೆ ಹೋಗುವುದಿಲ್ಲ. ಬ್ಲೋವರ್ ಹಿಡಿಯುವಾಗ ಫ್ಯಾನಿನ ಎಲೆ ತಿರುಗದಂತೆ ಬೆರಳಲ್ಲಿ ಒತ್ತಿ ಹಿಡಿಯಿರಿ, ಉಳಿದದ್ದನ್ನು ಒಣ ಬ್ರಷ್‌ನಿಂದ ತೆಗೆಯಿರಿ.

ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಎರಡು ಮೂರು ವರ್ಷ ಹಳೆಯದಾಗಿದ್ದರೆ ಬದಲಿಸಿ. ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಬಟಾಣಿ ಗಾತ್ರದಷ್ಟು ಹೊಸ ಪೇಸ್ಟ್ ಹಾಕಿ, ಕೂಲರ್‌ನ ಸ್ಕ್ರೂಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಎಎಂಡಿಯ ಎಎಂ4 ಸಾಕೆಟ್‌ನ (ರೈಝೆನ್ 5000 ಮತ್ತು ಹಿಂದಿನ) ಪ್ರೊಸೆಸರ್‌ಗಳಲ್ಲಿ ಹಳೇ ಪೇಸ್ಟ್ ಅಂಟಿಕೊಂಡು ಕೂಲರ್ ಜೊತೆಗೆ ಪ್ರೊಸೆಸರೇ ಕಿತ್ತು ಬರುತ್ತದೆ, ಪಿನ್ ಸೊಟ್ಟಗಾಗುತ್ತದೆ. ಬಿಚ್ಚುವ ಮೊದಲು ಹತ್ತು ನಿಮಿಷ ಸಿಸ್ಟಂ ಓಡಿಸಿ ಬಿಸಿ ಮಾಡಿ ಆಫ್ ಮಾಡಿ. ಆಮೇಲೆ ಕೂಲರನ್ನು ಮೆಲ್ಲಗೆ ಆಚೀಚೆ ತಿರುಚಿ ಎತ್ತಿ.

ಎಸ್‌ಎಂಪಿಎಸ್ ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯದಷ್ಟು ಚಾರ್ಜ್ ಉಳಿದಿರುತ್ತದೆ. ಹಲ್ಲಿ, ಇರುವೆ ಹೊಕ್ಕಿವೆ ಅನ್ನಿಸಿದರೆ ಗೊತ್ತಿರುವವರ ಕೈಗೆ ಕೊಡಿ.

ಕ್ಯಾಬಿನೆಟ್ಟನ್ನು ತಣ್ಣನೆಯ ರೆಡ್ ಆಕ್ಸೈಡ್ ನೆಲದ ಮೇಲೆ, ಮಳೆ ಹೊಡೆಯುವ ಗೋಡೆಗೆ ತಾಗಿಸಿ ಇಡಬೇಡಿ. ಸ್ಟೂಲ್ ಮೇಲಿಟ್ಟು ಹಿಂದೆ ಅರ್ಧ ಅಡಿಯಾದರೂ ಜಾಗ ಬಿಡಿ. ಒದ್ದೆಯಾದ ಭಾಗವನ್ನು ಒಲೆ ಹತ್ತಿರ ಒಣಗಿಸುವವರೂ ಇದ್ದಾರೆ. ಸೌದೆ ಹೊಗೆಯ ಜಿಡ್ಡು ಒಮ್ಮೆ ಹಿಡಿದರೆ ಮುಂದಿನ ಧೂಳೆಲ್ಲ ಅದಕ್ಕೇ ಅಂಟುತ್ತದೆ, ಬೇಡ.

## ಹಂತ 4: ಸಲಕರಣೆ ಮತ್ತು ಒಂದು ನೋಟ್‌ಬುಕ್

ಬೇಕಾದ ಸಾಫ್ಟ್‌ವೇರ್ ಹೆಚ್ಚಿನದು ಪುಕ್ಕಟೆ. ಬಿಸಿ, ವೋಲ್ಟೇಜ್, ವೇಗ ನೋಡಲು ಎಚ್‌ಡಬ್ಲ್ಯೂಇನ್ಫೋ. ರ‍್ಯಾಮ್ ವಿವರಕ್ಕೆ ಸಿಪಿಯು-ಝಡ್. ಪ್ರೊಸೆಸರ್‌ನ ಬೆಂಚ್‌ಮಾರ್ಕ್‌ಗೆ, ಅಂದರೆ ವೇಗವನ್ನು ಅಂಕದಲ್ಲಿ ಅಳೆಯಲು ಸಿನೆಬೆಂಚ್, ಅದರ ಗಟ್ಟಿತನ (ಹ್ಯಾಂಗ್ ಆಗದೆ ನಿಲ್ಲುತ್ತದಾ ಅಂತ) ನೋಡಲು ಪ್ರೈಮ್95 ಮತ್ತು ಓಸಿಸಿಟಿ. ರ‍್ಯಾಮ್‌ಗೆ ಮೆಮ್‌ಟೆಸ್ಟ್86. ಗ್ರಾಫಿಕ್ಸ್ ಕಾರ್ಡಿಗೆ ಆಫ್ಟರ್‌ಬರ್ನರ್, 3ಡಿಮಾರ್ಕ್, ಸೂಪರ್‌ಪೊಸಿಷನ್. ಎಲ್ಲವನ್ನೂ ಅವುಗಳ ಅಧಿಕೃತ ತಾಣದಿಂದಲೇ ಇಳಿಸಿ. ಆಫ್ಟರ್‌ಬರ್ನರ್ ಹೆಸರಿನಲ್ಲಿ ವೈರಸ್ ಹಂಚುವ ನಕಲಿ ತಾಣಗಳಿವೆ.

ಇದರ ಜೊತೆಗೆ ಒಂದು ಪೆನ್‌ಡ್ರೈವ್, ಮದರ್‌ಬೋರ್ಡ್‌ಗೆ ಹಾಕುವ ಒಂದು ಸಿಆರ್2032 ಬಟನ್ ಸೆಲ್, ಸಣ್ಣ ಟ್ಯೂಬ್ ಪೇಸ್ಟ್ ಮನೆಯಲ್ಲಿರಲಿ. ಸೆಲ್ ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಪೇಸ್ಟ್ ಮುಗಿದರೆ ಕೊರಿಯರ್ ಬರುವವರೆಗೆ ಕಾಯಬೇಕು. ಮಳೆಗಾಲದಲ್ಲಿ ಘಾಟಿ ರಸ್ತೆ ಬಂದ್ ಆದರೆ ಕೇಳಲೇಬೇಡಿ.

ನೋಟ್‌ಬುಕ್ಕಿನಲ್ಲಿ ಒಂದು ಸಾಲು ಹೀಗಿರಲಿ: "ರಾತ್ರಿ 9. ರೂಮು 19 ಡಿಗ್ರಿ. ಲೈನ್ 221 ವೋಲ್ಟ್. ಕರ್ವ್ (ಹಂತ 8 ನೋಡಿ) ಮೈನಸ್ 15. ಸಿನೆಬೆಂಚ್ ಮೂರು ಸಲ, ನಡುವಿನ ಅಂಕ ಇಷ್ಟು. ಅತಿ ಹೆಚ್ಚು ಬಿಸಿ 78. ಪಾಸ್." ರೂಮಿನ ಬಿಸಿ ಬರೆಯದ ಸಾಲಿಗೆ ಬೆಲೆಯಿಲ್ಲ. ಜನವರಿ ರಾತ್ರಿ ಮಡಿಕೇರಿಯ ರೂಮು 17 ಡಿಗ್ರಿ ಇದ್ದರೆ ಏಪ್ರಿಲ್ ಮಧ್ಯಾಹ್ನ ಕುಶಾಲನಗರದ ರೂಮು 32 ದಾಟಬಹುದು. ರೂಮು ಎಷ್ಟು ಏರಿತೋ ಚಿಪ್ ಕೂಡ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಚಳಿಯಲ್ಲಿ 80ಕ್ಕೆ ನಿಂತದ್ದು ಬೇಸಿಗೆಯಲ್ಲಿ 95.

ಅಂದಹಾಗೆ, ಮಡಿಕೇರಿಯ ಎತ್ತರ ಸುಮಾರು 1,150 ಮೀಟರ್. ಗಾಳಿ ಸಮುದ್ರಮಟ್ಟಕ್ಕಿಂತ ಹತ್ತರಲ್ಲೊಂದು ಪಾಲು ತೆಳು, ಅಂದರೆ ಅದೇ ಫ್ಯಾನು ಸ್ವಲ್ಪ ಕಡಿಮೆ ಬಿಸಿ ಹೊರಹಾಕುತ್ತದೆ. ತಣ್ಣನೆಯ ಹವೆ ಇದನ್ನು ಸರಿದೂಗಿಸುತ್ತದೆ, ಚಿಂತೆ ಬೇಡ.

## ಹಂತ 5: ಏನೂ ಮುಟ್ಟದೆ ಮೊದಲ ಅಳತೆ

1. ಬಯಾಸ್ ಅಪ್‌ಡೇಟ್ ಮಾಡಿ. ಯುಪಿಎಸ್ ಬ್ಯಾಟರಿ ಫುಲ್ ಇರುವಾಗ, ಮಳೆ ಗಾಳಿ ಇಲ್ಲದ ದಿನ. ಅರ್ಧದಲ್ಲಿ ಕರೆಂಟು ಹೋದರೆ ಮದರ್‌ಬೋರ್ಡ್ ಏಳದೇ ಹೋಗಬಹುದು. ಇಂಟೆಲ್ 13 ಮತ್ತು 14ನೇ ತಲೆಮಾರಿನ ಕೆ ಪ್ರೊಸೆಸರ್ ಇದ್ದವರಿಗೆ ಇದು ಕಡ್ಡಾಯ. ವೋಲ್ಟೇಜ್ ಅತಿಯಾಗಿ ಚಿಪ್ ಹಾಳಾಗುವ ತೊಂದರೆಗೆ 2024ರಲ್ಲಿ 0ಎಕ್ಸ್129, 0ಎಕ್ಸ್12ಬಿ ಎಂಬ ಮೈಕ್ರೋಕೋಡ್‌ಗಳು (ಬಯಾಸ್ ಜೊತೆ ಬರುವ ಪ್ರೊಸೆಸರ್ ತಿದ್ದುಪಡಿಗಳು) ಬಂದವು. ಅವು ಅಥವಾ ಆಮೇಲಿನದು ಇಲ್ಲದ ಬಯಾಸ್‌ನಲ್ಲಿ ಓವರ್‌ಕ್ಲಾಕ್ ಬೇಡವೇ ಬೇಡ.
2. ಬಯಾಸ್‌ನಲ್ಲಿ ಡೀಫಾಲ್ಟ್ ಸೆಟ್ಟಿಂಗ್ ಲೋಡ್ ಮಾಡಿ.
3. ಬ್ರೌಸರ್, ಗೇಮ್ ಲಾಂಚರ್, ಅಪ್‌ಡೇಟ್ ಎಲ್ಲ ಮುಚ್ಚಿ. ಸಿಸ್ಟಂ ಆನ್ ಆಗಿ ಹತ್ತು ನಿಮಿಷ ಆದಮೇಲೆ ಶುರು ಮಾಡಿ.
4. ಪ್ರತಿ ಬೆಂಚ್‌ಮಾರ್ಕ್ ಮೂರು ಸಲ ಓಡಿಸಿ, ನಡುವಿನ ಅಂಕ ಬರೆಯಿರಿ. ಏನೂ ಬದಲಿಸದಿದ್ದರೂ ಅಂಕ ಒಂದೆರಡು ಶೇಕಡಾ ಆಚೀಚೆ ಆಗುತ್ತದೆ. ಅಷ್ಟರೊಳಗಿನ ಏರಿಕೆಯನ್ನು ಗೆಲುವು ಅಂತ ಲೆಕ್ಕ ಹಾಕಬೇಡಿ.

ಡೀಫಾಲ್ಟ್‌ನಲ್ಲೇ ಪ್ರೊಸೆಸರ್ 90 ಡಿಗ್ರಿ ಮುಟ್ಟುತ್ತಿದ್ದರೆ ಇಲ್ಲೇ ನಿಲ್ಲಿ. ಮೊದಲು ಕೂಲರ್ ಸರಿ ಮಾಡಿ. ರೈಝೆನ್ 7000 ಸರಣಿಯ ಕೆಲವು ಚಿಪ್‌ಗಳು ಮಾತ್ರ 95ರ ತನಕ ಹೋಗುವಂತೆಯೇ ತಯಾರಾಗಿವೆ, ಅವುಗಳ ಮಾತು ಬೇರೆ.

## ಹಂತ 6: ರ‍್ಯಾಮ್‌ನ ಪ್ರೊಫೈಲ್

ಇಲ್ಲಿ ತಮಾಷೆಯೊಂದಿದೆ. ದುಡ್ಡು ಕೊಟ್ಟು ಡಿಡಿಆರ್5-6000 ರ‍್ಯಾಮ್ ತಂದವರು ಅದನ್ನು ಎಷ್ಟೋ ಕಾಲ 4800ರಲ್ಲೇ ಓಡಿಸುತ್ತಿರುತ್ತಾರೆ. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಪ್ರೊಫೈಲ್ (ಕಂಪನಿ ತುಂಬಿಟ್ಟ ವೇಗದ ಸೆಟ್ಟಿಂಗ್) ಆನ್ ಮಾಡದಿದ್ದರೆ ಹಾಗೇ ಆಗುವುದು. ಅದನ್ನು ಆನ್ ಮಾಡಿ, ಸಿಪಿಯು-ಝಡ್‌ನಲ್ಲಿ ನೋಡಿ. ಅಲ್ಲಿ ತೋರಿಸುವುದು ಅರ್ಧ. 6000ಕ್ಕೆ 3000 ಎಂದು ಬಂದರೆ ಸರಿಯಾಗಿದೆ ಅಂತ ಅರ್ಥ. ಎರಡೇ ಸ್ಟಿಕ್ ಇದ್ದರೆ ಪ್ರೊಸೆಸರ್‌ನಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ನಲ್ಲಿರಬೇಕು.

ಡಿಡಿಆರ್5 ಸಿಸ್ಟಂ ಮೊದಲ ಸಲ ಬೂಟ್ ಆಗುವಾಗ ಕೆಲವು ನಿಮಿಷ ಕಪ್ಪು ಪರದೆ ಇರುತ್ತದೆ. ರ‍್ಯಾಮ್ ತನ್ನನ್ನು ಹೊಂದಿಸಿಕೊಳ್ಳುತ್ತಿರುತ್ತದೆ. ಗಾಬರಿಯಾಗಿ ಪವರ್ ಬಟನ್ ಒತ್ತಬೇಡಿ.

ಈಗ ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಓಡಿಸಿ, ನಾಲ್ಕೂ ಸುತ್ತು ('ಪಾಸ್') ಮುಗಿಯಬೇಕು. ರಾತ್ರಿ ಹಾಕಿ ಮಲಗಿ. ಒಂದೇ ಒಂದು ತಪ್ಪು ಬಂದರೂ ಫೇಲ್. "ಒಂದು ತಾನೇ" ಎಂದು ಮುಂದೆ ಹೋದರೆ ಕೆಟ್ಟ ರ‍್ಯಾಮ್ ಮೆಲ್ಲಗೆ ವಿಂಡೋಸ್ ಫೈಲ್‌ಗಳನ್ನೇ ಕೆಡಿಸುತ್ತದೆ, ಫೋಟೋಗಳನ್ನೂ ಬಿಡುವುದಿಲ್ಲ. ರೈಝೆನ್ 7000ದಲ್ಲಿ ಎಸ್‌ಒಸಿ ವೋಲ್ಟೇಜ್ (ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರಿಗೆ ಹೋಗುವುದು) 1.3 ವೋಲ್ಟ್ ದಾಟಬಾರದು. 2023ರಲ್ಲಿ ಚಿಪ್‌ಗಳು ಸುಟ್ಟ ಮೇಲೆ ಎಎಂಡಿ ಹಾಕಿದ ಮಿತಿ ಅದು. ಟೈಮಿಂಗ್‌ಗಳನ್ನು (ಮೆಮೊರಿಯ ವಿಳಂಬದ ಅಂಕಿಗಳನ್ನು) ಕೈಯಿಂದ ತಿದ್ದುವುದನ್ನು ಉಳಿದೆಲ್ಲ ಮುಗಿದ ಮೇಲೆ ನೋಡಿಕೊಳ್ಳಿ.

## ಹಂತ 7: ಗ್ರಾಫಿಕ್ಸ್ ಕಾರ್ಡ್

ಗೇಮ್ ಆಡುವವರಿಗೆ ಫಲ ಕಾಣುವುದು ಇಲ್ಲಿ. ಅಪಾಯವೂ ಕಡಿಮೆ. ಕ್ರ್ಯಾಶ್ ಆದರೆ ಡ್ರೈವರ್ ರೀಸೆಟ್ ಆಗುತ್ತದೆ, ಅಷ್ಟೆ.

ಆಫ್ಟರ್‌ಬರ್ನರ್‌ನಲ್ಲಿ ಪವರ್ ಲಿಮಿಟ್ ಪೂರ್ತಿ ಏರಿಸಿ. ಕೋರ್ ವೇಗವನ್ನು 25 ಮೆಗಾಹರ್ಟ್ಸ್‌ನಂತೆ ಏರಿಸುತ್ತಾ ಪ್ರತಿ ಸಲ ಸೂಪರ್‌ಪೊಸಿಷನ್ ಓಡಿಸಿ. ಕ್ರ್ಯಾಶ್ ಆದಲ್ಲಿಂದ 50 ಇಳಿಸಿ. ಆಮೇಲೆ ಮೆಮೊರಿ, 100ರಂತೆ. ಮೆಮೊರಿ ಜಾಸ್ತಿಯಾದರೆ ಪರದೆಯಲ್ಲಿ ಬಣ್ಣದ ಚುಕ್ಕಿ, ಚೌಕ ಕಾಣುತ್ತವೆ. ಈಗಿನ ಹಲವು ಕಾರ್ಡುಗಳಲ್ಲಿ ಅದೂ ಕಾಣುವುದಿಲ್ಲ. ಮೆಮೊರಿ ತಪ್ಪುಗಳನ್ನು ತಾನೇ ಸರಿಪಡಿಸಿಕೊಳ್ಳುತ್ತಾ ನಿಧಾನವಾಗುತ್ತದೆ. ಆದ್ದರಿಂದ ಅಂಕ ನೋಡಿ. ವೇಗ ಏರಿಸಿದರೂ ಅಂಕ ಇಳಿದರೆ ಮಿತಿ ದಾಟಿದ್ದೀರಿ.

"ವಿಂಡೋಸ್ ಜೊತೆ ಶುರುವಾಗಲಿ" ಎಂಬ ಆಯ್ಕೆಯನ್ನು ವಾರಗಟ್ಟಲೆ ಗೇಮ್ ಆಡಿ ನೋಡಿದ ಮೇಲೆ ಮಾತ್ರ ಆನ್ ಮಾಡಿ. ಮೊದಲೇ ಮಾಡಿದರೆ ಪ್ರತಿ ಬೂಟ್‌ನಲ್ಲೂ ಕ್ರ್ಯಾಶ್ ಆಗುವ ಸುಳಿಯಲ್ಲಿ ಸಿಕ್ಕಿಕೊಳ್ಳುತ್ತೀರಿ. ಚಿಕ್ಕ ಯುಪಿಎಸ್ ಇರುವವರಿಗೆ ನನ್ನ ಸಲಹೆ ಅಂಡರ್‌ವೋಲ್ಟ್. ಆರ್‌ಟಿಎಕ್ಸ್ 30 ಸರಣಿಯಲ್ಲಿ 0.9 ವೋಲ್ಟ್ ಆಸುಪಾಸಿನಲ್ಲಿ ಶುರು ಮಾಡಿ. ವೇಗ ಹೆಚ್ಚುಕಡಿಮೆ ಹಾಗೇ ಇರುತ್ತದೆ, ವಿದ್ಯುತ್ ಚೆನ್ನಾಗಿ ಉಳಿಯುತ್ತದೆ.

## ಹಂತ 8: ಪ್ರೊಸೆಸರ್

ಒಂದು ಲೆಕ್ಕ ತಲೆಯಲ್ಲಿರಲಿ. ವಿದ್ಯುತ್ ಬಳಕೆ ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜ್ ಜೊತೆ ಅದರ ವರ್ಗದಷ್ಟು ಏರುತ್ತದೆ. 1.20 ವೋಲ್ಟನ್ನು 1.32 ಮಾಡಿದರೆ ಬಳಕೆ 21 ಶೇಕಡಾ ಜಾಸ್ತಿ. ಅದರಿಂದ 5 ಶೇಕಡಾ ವೇಗ ಸಿಕ್ಕಿದರೆ ಒಟ್ಟು ಬಳಕೆ 27 ಶೇಕಡಾ ಏರಿದಂತೆ. ಅಷ್ಟೂ ಬಿಸಿಯಾಗಿ ಹೊರಬರಬೇಕು, ಅಲ್ವಾ? ಅದಕ್ಕೇ ಕೊನೆಯ 100 ಮೆಗಾಹರ್ಟ್ಸ್‌ಗಾಗಿ ಒದ್ದಾಡುವುದು ದಂಡ.

ರೈಝೆನ್. ಎಲ್ಲ ಕೋರ್‌ಗಳಿಗೂ ಒಂದೇ ವೇಗ ಕಟ್ಟಿಹಾಕುವ ಹಳೇ ವಿಧಾನ ಬೇಡ. ಅದರಲ್ಲಿ ಒಂದೆರಡು ಕೋರ್ ಬಳಸುವ ಕೆಲಸ ನಿಧಾನವೇ ಆಗುತ್ತದೆ. ಬಯಾಸ್‌ನಲ್ಲಿ ಪಿಬಿಒ (ಎಎಂಡಿಯ ಸ್ವಯಂ ಓವರ್‌ಕ್ಲಾಕ್) ಆನ್ ಮಾಡಿ, ಪ್ರತಿ ವೇಗಕ್ಕೂ ಕೊಡುವ ವೋಲ್ಟೇಜ್ ಇಳಿಸುವ ಕರ್ವ್ ಆಪ್ಟಿಮೈಝರ್‌ನಲ್ಲಿ ಎಲ್ಲ ಕೋರ್‌ಗೂ ಮೈನಸ್ 10 ಕೊಡಿ. ಟೆಸ್ಟ್. ಆಮೇಲೆ ಮೈನಸ್ 15. ಟೆಸ್ಟ್. ಮೈನಸ್ 30 ಹಾಕಿ ಸಿನೆಬೆಂಚ್ ಪಾಸಾಯಿತು ಎಂದು ಕುಣಿಯುವವರೇ ಜಾಸ್ತಿ. ಕರ್ವ್ ತಪ್ಪಿದ್ದರೆ ಅದು ಭಾರದ ಕೆಲಸದಲ್ಲಿ ಗೊತ್ತಾಗುವುದಿಲ್ಲ. ಸುಮ್ನೆ ಬ್ರೌಸರ್ ತೆರೆದು ಕೂತಾಗ, ವಿಡಿಯೋ ನಿಲ್ಲಿಸಿ ಕಾಫಿ ತರಲು ಹೋದಾಗ ರೀಸ್ಟಾರ್ಟ್ ಆಗುತ್ತದೆ. ಒಂದೊಂದೇ ಕೋರನ್ನು ಪರೀಕ್ಷಿಸುವ ಕೋರ್‌ಸೈಕ್ಲರ್ ಇದಕ್ಕೆ ಸರಿಯಾದದ್ದು. ಎಚ್‌ಡಬ್ಲ್ಯೂಇನ್ಫೋದಲ್ಲಿ 'ಎಫೆಕ್ಟಿವ್ ಕ್ಲಾಕ್' ಸಾಲನ್ನೂ ನೋಡಿ. ಫುಲ್ ಲೋಡ್‌ನಲ್ಲಿ ಅದು ತೋರಿಕೆಯ ವೇಗಕ್ಕಿಂತ ಬಹಳ ಕಡಿಮೆ ಇದ್ದರೆ ವೋಲ್ಟೇಜ್ ಸಾಲದೆ ಚಿಪ್ ಒಳಗೊಳಗೇ ನಿಧಾನವಾಗಿದೆ.

ಇಂಟೆಲ್ ಕೆ. ವೇಗ ಅಂದರೆ ಮಲ್ಟಿಪ್ಲೈಯರ್ ಗುಣಿಸು 100 ಮೆಗಾಹರ್ಟ್ಸ್. 50 ಹಾಕಿದರೆ 5 ಗಿಗಾಹರ್ಟ್ಸ್. ಮಲ್ಟಿಪ್ಲೈಯರ್ ಒಂದು ಏರಿಸಿ, ಟೆಸ್ಟ್ ಮಾಡಿ. ನಿಂತರೆ ಇನ್ನೊಂದು. ಬಿದ್ದರೆ ವೋಲ್ಟೇಜ್ 0.01ರಂತೆ ಏರಿಸಿ. 10ರಿಂದ 12ನೇ ತಲೆಮಾರಿಗೆ ದಿನಬಳಕೆಯಲ್ಲಿ 1.35 ವೋಲ್ಟ್ ದಾಟಬೇಡಿ. 13, 14ಕ್ಕೆ ವೋಲ್ಟೇಜ್ ಏರಿಸುವ ಮಾತೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಲೋಡ್‌ಲೈನ್ ಕ್ಯಾಲಿಬ್ರೇಷನ್ (ಲೋಡ್ ಬಿದ್ದಾಗ ವೋಲ್ಟೇಜ್ ಕುಸಿಯದಂತೆ ಹಿಡಿಯುವ ಸೆಟ್ಟಿಂಗ್) ಮಧ್ಯದ ಹಂತದಲ್ಲಿರಲಿ, ಕೊನೆಯದಕ್ಕೆ ಹಾಕಿದರೆ ಲೋಡ್ ಇಳಿದ ಕ್ಷಣ ವೋಲ್ಟೇಜ್ ಚಿಮ್ಮುತ್ತದೆ.

## ಹಂತ 9: ಗಟ್ಟಿತನದ ಪರೀಕ್ಷೆ

ಸಿನೆಬೆಂಚ್ ಹತ್ತು ನಿಮಿಷ, ಓಸಿಸಿಟಿ ಒಂದು ಗಂಟೆ, ಪ್ರೈಮ್95 ಒಂದೆರಡು ಗಂಟೆ, ಕೊನೆಗೆ ನೀವು ದಿನಾ ಆಡುವ ಗೇಮ್. ಇದನ್ನು ಮಧ್ಯಾಹ್ನ, ಕಿಟಕಿ ಮುಚ್ಚಿ ಮಾಡಿ. ರಾತ್ರಿ ತಣ್ಣಗಿರುವಾಗ ಪಾಸಾದದ್ದನ್ನು ನಂಬಬೇಡಿ.

ಮುಗಿದ ಮೇಲೆ ಎಚ್‌ಡಬ್ಲ್ಯೂಇನ್ಫೋದ ಕೆಳಭಾಗದಲ್ಲಿ 'ವಿಂಡೋಸ್ ಹಾರ್ಡ್‌ವೇರ್ ಎರರ್ಸ್' ಸಾಲು ನೋಡಿ. ಸೊನ್ನೆ ಇರಬೇಕು. ಪರದೆಯಲ್ಲಿ ಏನೂ ಆಗದೆ, ಟೆಸ್ಟೂ ಪಾಸಾಗಿ, ಅಲ್ಲಿ 3 ಅಥವಾ 7 ಎಂದಿದ್ದರೆ ಸಿಸ್ಟಂ ತಪ್ಪು ಮಾಡಿ ತಾನೇ ತಿದ್ದಿಕೊಂಡಿದೆ. ಒಂದು ಹೆಜ್ಜೆ ಹಿಂದೆ ಹೋಗಿ.

ಪಾಸಾದ ಸೆಟ್ಟಿಂಗನ್ನು ಬಯಾಸ್‌ನಲ್ಲಿ ಎರಡು ಪ್ರೊಫೈಲ್ ಆಗಿ ಉಳಿಸಿ: ಬೇಸಿಗೆಗೆ ಒಂದು, ಚಳಿಗೆ ಒಂದು. ಅಂಕದ ಪೈಪೋಟಿಗೆ ಎಚ್‌ಡಬ್ಲ್ಯೂಬಾಟ್ ಎಂಬ ತಾಣದಲ್ಲಿ ಹಾಕುವುದಾದರೆ ಜನವರಿ ಬೆಳಗಿನ ಜಾವ ಕಿಟಕಿ ತೆರೆದು ಓಡಿಸಿ. ಅಲ್ಲಿ ಪ್ರತಿ ಬೆಂಚ್‌ಮಾರ್ಕ್‌ಗೂ ಯಾವ ಸ್ಕ್ರೀನ್‌ಶಾಟ್ ಬೇಕು ಎಂಬ ನಿಯಮ ಇರುತ್ತದೆ, ಓದಿಕೊಂಡು ಹೋಗಿ. ಐಸು, ಡ್ರೈ ಐಸ್ ಇಟ್ಟು ತಣಿಸುವ ಸಾಹಸ ಮಳೆಗಾಲದಲ್ಲಿ ಬೇಡ. ರೂಮಿನ ಗಾಳಿಗಿಂತ ತಣ್ಣಗಾದ ಯಾವ ಭಾಗದ ಮೇಲಾದರೂ ಇಲ್ಲಿನ ತೇವ ನಿಮಿಷಗಳಲ್ಲಿ ನೀರಾಗಿ ಇಳಿಯುತ್ತದೆ.

## ಮಳೆಗಾಲದಲ್ಲಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಿಸ್ಟಂ ದಿನಕ್ಕೆ ಒಂದು ಗಂಟೆಯಾದರೂ ಓಡಲಿ. ಒಳಗಿನ ಬಿಸಿಯೇ ಅದನ್ನು ಒಣಗಿಸುತ್ತದೆ. ಕ್ಯಾಬಿನೆಟ್ ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕುವುದು ದಂಡ, ಅದು ಬೇಗನೆ ತೇವ ತುಂಬಿ ಸುಮ್ಮನಾಗುತ್ತದೆ. ವಾರಗಟ್ಟಲೆ ಮುಚ್ಚಿಟ್ಟಿದ್ದರೆ ಮೊದಲು ಡೀಫಾಲ್ಟ್‌ನಲ್ಲಿ ಒಂದು ಗಂಟೆ ಓಡಿಸಿ, ಆಮೇಲೆ ಪ್ರೊಫೈಲ್ ಹಾಕಿ.

## ಬೂಟ್ ಆಗದಿದ್ದರೆ

1. ಐದು ನಿಮಿಷ ಕಾಯಿರಿ. ಕೆಲವು ಬೋರ್ಡ್‌ಗಳು ಒಂದೆರಡು ಸಲ ಸೋತ ಮೇಲೆ ತಾವೇ ಡೀಫಾಲ್ಟ್‌ಗೆ ಮರಳುತ್ತವೆ.
2. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಉಳಿದ ಚಾರ್ಜ್ ಖಾಲಿ ಮಾಡಿ. ಬಟನ್ ಸೆಲ್ ತೆಗೆದು ಹತ್ತು ನಿಮಿಷ ಬಿಟ್ಟು ಹಾಕಿ, ಅಥವಾ ಬೋರ್ಡ್ ಮೇಲಿನ ಸಿಎಂಒಎಸ್ ಪಿನ್ (ಬಯಾಸ್ ಸೆಟ್ಟಿಂಗ್ ಅಳಿಸುವವು) ಎರಡನ್ನೂ ಸ್ಕ್ರೂಡ್ರೈವರ್ ತುದಿಯಿಂದ ಕೆಲವು ಸೆಕೆಂಡ್ ಜೋಡಿಸಿ.
3. ಆದರೂ ಆಗದಿದ್ದರೆ ಒಂದೇ ರ‍್ಯಾಮ್ ಸ್ಟಿಕ್ ಇಟ್ಟು ನೋಡಿ. ಅದರ ಚಿನ್ನದ ಬಣ್ಣದ ಅಂಚು ಮಂಕಾಗಿದ್ದರೆ ಆಲ್ಕೋಹಾಲ್ ಬಟ್ಟೆಯಿಂದ ಒರೆಸಿ. ಮಳೆಗಾಲದಲ್ಲಿ ಎಷ್ಟೋ ಸಿಸ್ಟಂಗಳು ಇಷ್ಟಕ್ಕೇ ಎದ್ದುಬಿಡುತ್ತವೆ.
4. ಸುಟ್ಟ ವಾಸನೆ ಬಂದಿದ್ದರೆ, ಉಬ್ಬಿದ ಕೆಪಾಸಿಟರ್ ಕಂಡರೆ ಮತ್ತೆ ಆನ್ ಮಾಡಿ ನೋಡುವ ಆಸೆ ಬಿಡಿ.

ಮೈಸೂರಿಗೋ ಬೆಂಗಳೂರಿಗೋ ರಿಪೇರಿಗೆ ಕಳಿಸುವುದಾದರೆ ಗ್ರಾಫಿಕ್ಸ್ ಕಾರ್ಡ್ ಮತ್ತು ದೊಡ್ಡ ಕೂಲರ್ ಎರಡನ್ನೂ ಬಿಚ್ಚಿ ಬೇರೆ ಪೆಟ್ಟಿಗೆಯಲ್ಲಿ ಹಾಕಿ. ಘಾಟಿಯ ತಿರುವಿನಲ್ಲಿ ಕುಲುಕಾಡಿ ಮದರ್‌ಬೋರ್ಡ್‌ನ ಸ್ಲಾಟೇ ಮುರಿಯುವುದುಂಟು. ನೋಟ್‌ಬುಕ್ಕಿನ ಕೊನೆಯ ಪುಟದ ಫೋಟೋವನ್ನೂ ಜೊತೆಗೆ ಕಳಿಸಿ. ರಿಪೇರಿ ಮಾಡುವವರು ಮೊದಲು ಕೇಳುವುದೇ "ಕೊನೆಗೆ ಏನು ಬದಲಾಯಿಸಿದ್ರಿ?" ಅಂತ.